ಕೋಳಿಗೂಡಿನ ಇಲಿ, ಹೆಗ್ಗಣ ಓಡಿಸಿದ ನನ್ನ ಅನುಭವ

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಕೊಟ್ಟಿಗೆ ಗೋಡೆಗೆ ಒರಗಿಸಿ, ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಕಟ್ಟಿದ ಕೋಳಿಗೂಡು. ಒಂದಷ್ಟು ನಾಟಿ ಕೋಳಿ, ಜೊತೆಗೆ ಗಿರಿರಾಜ ತಳಿಯವು. ಗದ್ದೆ ಕೊಯ್ಲು ಮುಗಿಯುವವರೆಗೆ ಇಲಿಗಳಿಗೆ ಗದ್ದೆಯೇ ಸಾಕು. ಆಮೇಲೆ ಹುಲ್ಲಿನ ಬಣವೆ, ಅಲ್ಲಿಂದ ಕೊಟ್ಟಿಗೆ, ಅಲ್ಲಿಂದ ನಮ್ಮ ನುಚ್ಚಿನ ಚೀಲ. ಆ ಸಲ ಮೊಟ್ಟೆಗಳು ಕಾಣೆಯಾಗತೊಡಗಿದವು. ಮರಿಗಳೂ ಒಂದೊಂದೇ ಕಡಿಮೆಯಾದವು.

ಮನೆಯಲ್ಲಿ ಕಾಡುಬೆಕ್ಕು ಅಂದರು, ಪಕ್ಕದ ಮನೆಯವರು ಮುಂಗುಸಿ ಅಂದರು. ಮುಂಗುಸಿ ಓಡಾಡುವುದು ಹಗಲಲ್ಲಿ. ಕಾಡುಬೆಕ್ಕು ಬಂದಿದ್ದರೆ ದೊಡ್ಡ ಕೋಳಿಗೇ ಬಾಯಿ ಹಾಕುತ್ತಿತ್ತು, ಕೂಗಾಟ ಕೇಳುತ್ತಿತ್ತು. ನಮ್ಮಲ್ಲಿ ರಾತ್ರಿ ಸದ್ದೇ ಇಲ್ಲ, ಬೆಳಿಗ್ಗೆ ಎದ್ದರೆ ಮರಿ ಇಲ್ಲ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ಇಲಿಗೆ ಅಷ್ಟು ಸಾಕು.

ಏನನ್ನೂ ಕೊಳ್ಳುವ ಮೊದಲು ಟಾರ್ಚ್ ಹಿಡಿದು ಗೂಡಿನ ಸುತ್ತ ಚೆನ್ನಾಗಿ ನೋಡಿದೆ. ಇದನ್ನು ಯಾರೂ ಬಿಡಬಾರದು ಅಂತ ನನ್ನ ಅಭಿಪ್ರಾಯ. ಮಾಡಿನ ಜಂತಿಯ ಮೇಲೆ ಎಣ್ಣೆ ಒರೆಸಿದ ಹಾಗೆ ಕಪ್ಪು ಜಾಡು ಇತ್ತು. ಅದು ಮನೆ ಇಲಿಯ ದಾರಿ. ಅದು ಹತ್ತುವುದರಲ್ಲಿ ಜಾಣ, ದಿನಾ ಒಂದೇ ದಾರಿಯಲ್ಲಿ ಓಡಾಡುತ್ತದೆ, ಮೈಯ ಜಿಡ್ಡು ಅಲ್ಲಿ ಅಂಟಿಕೊಳ್ಳುತ್ತದೆ. ಗೂಡಿನ ಹಿಂದೆ ನೆಲದಲ್ಲಿ ಬಿಲ, ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ. ಅದು ಹೆಗ್ಗಣ. ಅಂದರೆ ಮೇಲಿಂದ ಒಬ್ಬ, ಕೆಳಗಿಂದ ಒಬ್ಬ. ಒಂದೇ ಉಪಾಯ ಇಬ್ಬರಿಗೂ ನಡೆಯುವುದಿಲ್ಲ.

ಆದರೆ ಇಬ್ಬರೂ ಬರುವುದು ಕೋಳಿಯ ಊಟಕ್ಕೆ. ಮೊಟ್ಟೆ, ಮರಿ ಎಲ್ಲ ಆಮೇಲಿನ ಮಾತು. ಒಂದು ದೊಡ್ಡ ಇಲಿ ದಿನಕ್ಕೆ 20ರಿಂದ 30 ಗ್ರಾಂ ಕಾಳು ತಿನ್ನುತ್ತದೆ. ಹೆಗ್ಗಣ ತಿಂದದ್ದು ಸಾಲದೆ ಬಿಲಕ್ಕೂ ಸಾಗಿಸುತ್ತದೆ. ಹಾಗಾಗಿ ಮೊದಲು ರಾತ್ರಿಯ ಊಟ ನಿಲ್ಲಿಸಿದೆ. ನುಚ್ಚು, ತೌಡು, ಅಂಗಡಿ ಫೀಡ್ ಎಲ್ಲ ಗೋಣಿ ಚೀಲದಿಂದ ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ಹೋಯಿತು. ಪ್ಲಾಸ್ಟಿಕ್ ಡ್ರಮ್ಮನ್ನು ಹೆಗ್ಗಣ ಕಡಿದು ತೂತು ಮಾಡುತ್ತದೆ, ತಗಡೇ ಒಳ್ಳೆಯದು. ಸಂಜೆ ಕೋಳಿ ಹತ್ತು ನಿಮಿಷದಲ್ಲಿ ಹೆಕ್ಕಿ ಮುಗಿಸುವಷ್ಟೇ ಕಾಳು. ಉಳಿದದ್ದನ್ನು ಗುಡಿಸಿ ತೆಗೆಯುವುದು. ನೀರಿನ ಪಾತ್ರೆಯನ್ನೂ ಕವುಚಿ ಇಡುವುದು. ಮೊಟ್ಟೆಯನ್ನು ಮಧ್ಯಾಹ್ನ ಒಮ್ಮೆ, ಗೂಡು ಮುಚ್ಚುವಾಗ ಒಮ್ಮೆ ತೆಗೆಯುವುದು. ಗೂಡಿನ ಪಕ್ಕದ ಸೌದೆ ರಾಶಿ, ದರಗಿನ (ಒಣ ಎಲೆಯ) ರಾಶಿ ಎರಡನ್ನೂ ದೂರ ಹಾಕಿದೆವು. ಇಷ್ಟಕ್ಕೇ ಓಡಾಟ ಎದ್ದು ಕಾಣುವಷ್ಟು ತಗ್ಗಿತು. ಖರ್ಚು ಆದದ್ದು ಡಬ್ಬಕ್ಕೆ ಮಾತ್ರ.

ಆಮೇಲೆ ಜಾಲರಿ ಕೆಲಸ. ಅಂಗಡಿಯಲ್ಲಿ ಕೋಳಿ ಬಲೆ ಅಂತ ಕೊಡುವ ಆರು ಮೂಲೆ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ಅಷ್ಟೇ. ಇಲಿಗೆ ಅದು ಬಾಗಿಲೇ. ತಲೆ ತೂರಿದರೆ ಮೈಯೂ ತೂರುತ್ತದೆ, ಅದಕ್ಕೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಸಂದಿ ಸಾಕು. ಹಾಗಾಗಿ ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಮೆಶ್ ತಂದೆ. ದಬ್ಬೆಯ ಒಳಮೈಗೆಲ್ಲ ಅದನ್ನೇ ಹೊಡೆದು, ಮಾಡು ಗೋಡೆ ಕೂಡುವ ಕಡೆಯೂ ಬಿಡದೆ ಮುಚ್ಚಿದೆವು. ಮನೆ ಇಲಿ ನುಗ್ಗುತ್ತಿದ್ದದ್ದು ಅಲ್ಲಿಂದಲೇ. ಹೆಗ್ಗಣಕ್ಕೆ ಸುತ್ತಲೂ ಒಂದಡಿ ಆಳ ಅಗೆದು ಮೆಶ್ ಇಳಿಸಿ, ತಳದಲ್ಲಿ ಹೊರಕ್ಕೆ ಒಂದಡಿ ಬಗ್ಗಿಸಿ ಮಣ್ಣು ಮುಚ್ಚಿದೆ. ಹೆಗ್ಗಣ ಗೋಡೆಯ ಬುಡಕ್ಕೆ ಬಂದೇ ಅಗೆಯಲು ಶುರು ಮಾಡುವುದು. ಅಲ್ಲಿ ಉಗುರಿಗೆ ತಂತಿ ಸಿಗುತ್ತದೆ. ಹಿಂದೆ ಸರಿದು ಅಗೆಯೋಣ ಅನ್ನುವ ಬುದ್ಧಿ ಅದಕ್ಕೆ ಅಷ್ಟಾಗಿ ಬರುವುದಿಲ್ಲ. ಹೊಸದಾಗಿ ಗೂಡು ಕಟ್ಟುವವರಾದರೆ ಎರಡೂವರೆ ಅಡಿ ಕಂಬದ ಮೇಲೆ ಕಟ್ಟಿ, ಕಂಬಕ್ಕೆ ತಗಡು ಸುತ್ತಿಬಿಡಿ. ಈ ಅಗೆತವೇ ಬೇಡ.

ಬಿಲ ಮುಚ್ಚುವುದಕ್ಕೂ ಒಂದು ಕ್ರಮ ಇದೆ. ಸಂಜೆ ಎಲ್ಲ ಬಿಲಕ್ಕೂ ಸುಮ್ನೆ ಮಣ್ಣು ತುಳಿದು ಮುಚ್ಚಬೇಕು. ಬೆಳಿಗ್ಗೆ ಯಾವುದು ಮತ್ತೆ ತೆರೆದಿದೆಯೋ ಅದರಲ್ಲಿ ಹೆಗ್ಗಣ ಇದೆ ಅಂತ ಅರ್ಥ. ಬೋನು ಅದರ ಮುಂದೆ. ಖಾಲಿ ಬಿಲಕ್ಕೆ ಜಲ್ಲಿ ತುರುಕಿ ಸಿಮೆಂಟ್ ಹಾಕಿದೆ.

ಬೋನಿನ ವಿಷಯದಲ್ಲಿ ತಾಳ್ಮೆ ಬೇಕು. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ತಂದ ದಿನವೇ ಕೀಲಿ ಹೂಡಿದರೆ ಸುತ್ತ ಓಡಾಡಿ ಹೋಗುತ್ತದೆ. ನಾನು ಬೋನನ್ನು ಗೋಡೆಗೆ ಒತ್ತಿ ಇಟ್ಟು, ಬಾಗಿಲು ಬೀಳದ ಹಾಗೆ ಕಟ್ಟಿ, ಕೆಲವು ರಾತ್ರಿ ಸುಮ್ಮನೆ ತಿನ್ನಲು ಬಿಟ್ಟೆ. ಸುಟ್ಟ ಕೊಬ್ಬರಿ ಚೂರು ಮನೆ ಇಲಿಗೆ, ಒಣಮೀನು ಹೆಗ್ಗಣಕ್ಕೆ. ಧೈರ್ಯವಾಗಿ ಒಳಗೆ ಬಂದು ತಿನ್ನತೊಡಗಿದ ಮೇಲೆ ಎಲ್ಲ ಬೋನಿಗೂ ಒಂದೇ ರಾತ್ರಿ ಕೀಲಿ ಹೂಡಿದೆ. ಬೋನು ಗೂಡಿನ ಹೊರಗಿರಲಿ, ಕೋಳಿ ಕಾಲಿಗೆ ಸಿಗಬಾರದು. ಅಂಟಿನ ಹಾಳೆ ಮಾತ್ರ ತರಬೇಡಿ. ಕೋಳಿಮರಿ, ಓತಿಕ್ಯಾತ ಎಲ್ಲ ಅಂಟಿಕೊಳ್ಳುತ್ತವೆ, ನೋಡಲಾಗುವುದಿಲ್ಲ.

ಪಾಷಾಣ ಯಾಕೆ ಇಡಲಿಲ್ಲ ಅಂತ ತುಂಬಾ ಜನ ಕೇಳಿದರು. ಜಿಂಕ್ ಫಾಸ್ಫೈಡ್ ತಿಂದು ಬದುಕಿದ ಇಲಿ ಮತ್ತೆ ಅದನ್ನು ಮುಟ್ಟುವುದಿಲ್ಲ. ಕೋಳಿ, ನಾಯಿ ತಿಂದರೆ ಅದಕ್ಕೆ ಮದ್ದೂ ಇಲ್ಲ. ಬ್ರೋಮಡಯೋಲೋನ್ ಬಿಲ್ಲೆ ತಿಂದ ಇಲಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ತೂರಾಡುತ್ತಾ ಅಂಗಳಕ್ಕೆ ಬರುತ್ತದೆ. ಬೆಕ್ಕು, ಗೂಬೆ ಹಿಡಿದು ತಿಂದರೆ ಅವಕ್ಕೂ ಅಪಾಯ, ಕೋಳಿಯೂ ಸತ್ತ ಇಲಿಯನ್ನು ಕುಕ್ಕದೆ ಬಿಡುವುದಿಲ್ಲ. ಇನ್ನು ಕಾಳಿಗೆ ಹುಳು ಬೀಳದಂತೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಕೆಲವರು ಬಿಲಕ್ಕೆ ಹಾಕುತ್ತಾರೆ. ಅದರಿಂದ ಏಳುವ ಗಾಳಿ ಮನುಷ್ಯರನ್ನೇ ಕೊಲ್ಲುತ್ತದೆ, ಸಾಮಾನ್ಯ ಜನ ಅದನ್ನು ಬಳಸಲು ಕಾನೂನೂ ಬಿಡುವುದಿಲ್ಲ. ಮನೆ ಪಕ್ಕದಲ್ಲಿ ಅದು ಬೇಡವೇ ಬೇಡ.

ಸತ್ತ ಇಲಿ ಮುಟ್ಟುವಾಗ, ಗೂಡು ಗುಡಿಸುವಾಗ ಕೈಗವಸು, ಬೂಟು ಹಾಕಿ. ಇಲಿ ಮೂತ್ರದಿಂದ ಇಲಿಜ್ವರ ಬರುತ್ತದೆ. ಮಳೆಗಾಲದಲ್ಲಿ, ಕೈಕಾಲಲ್ಲಿ ಗಾಯ ಇದ್ದಾಗ ಜಾಸ್ತಿ ಹುಷಾರಾಗಿರಬೇಕು. ಸತ್ತದ್ದನ್ನು ನಾಯಿ ಕೆದಕದಷ್ಟು ಆಳಕ್ಕೆ ಹೂಳುತ್ತೇವೆ. ಹಿಡಿದದ್ದನ್ನು ದೂರದ ಗದ್ದೆಗೆ ಬಿಟ್ಟು ಬರುವುದು ನನಗೆ ಸರಿ ಅನಿಸುವುದಿಲ್ಲ. ಇನ್ನೊಬ್ಬರ ಕೋಳಿಗೂಡಿಗೆ ದಾರಿ ತೋರಿಸಿದಂತೆ ಅಲ್ವಾ?

ಇದು ಒಂದು ಸಲದ ಕೆಲಸ ಅಲ್ಲ. ಹೇಂಟೆ 21 ದಿನ ಕಾವು ಕೂತು ಮರಿ ಮಾಡುವಷ್ಟರಲ್ಲಿ ಇಲಿಯೂ ಗರ್ಭ ಕಟ್ಟಿ ಮರಿ ಹಾಕಿರುತ್ತದೆ. ಒಂದು ಜೋಡಿ ಉಳಿದರೂ ಮತ್ತೆ ಶುರು. ಈಗ ಗದ್ದೆ ಕೊಯ್ಲಿಗೆ ಮೊದಲೇ ಮೆಶ್ ಸುತ್ತ ನೋಡಿ, ಬಿಟ್ಟ ಮೊಳೆ ಹೊಡೆಯುತ್ತೇನೆ. ಕಾವು ಕೂತ ಹೇಂಟೆಯನ್ನು ಆ ತಿಂಗಳುಗಳಲ್ಲಿ ಮನೆಯೊಳಗಿನ ಮಂಕರಿಯಲ್ಲೇ ಕೂರಿಸುತ್ತೇವೆ. ಸಣ್ಣ ಸುಂಡಿಲಿಗಳು ಅರ್ಧ ಇಂಚಿನ ಕಣ್ಣಿನಲ್ಲೂ ತೂರಿ ಬರುತ್ತವೆ. ಅವುಗಳಿಂದ ದೊಡ್ಡ ನಷ್ಟ ಆಗಿಲ್ಲ, ಕಾಲು ಇಂಚಿನ ಮೆಶ್ ಹೊಡೆಯುವ ಖರ್ಚಿಗೆ ಸದ್ಯಕ್ಕೆ ನಾನು ಹೋಗಿಲ್ಲ.