ಬಾಲ್ಯದ ‘ಮಾಲ್ಗುಡಿ ಡೇಸ್’ ಅನ್ನು ಮತ್ತೆ ನೋಡುವ ಬಗೆ

ಬಾಲ್ಯದಲ್ಲಿ ದೂರದರ್ಶನದಲ್ಲಿ ಕಂಡ ಧಾರಾವಾಹಿಯನ್ನು ಇಂದು ಮೊಬೈಲಿನಲ್ಲಿ ಹುಡುಕಿ ತೆಗೆಯಲು ಕೆಲವು ಕ್ಷಣಗಳು ಸಾಕು. ಆದರೆ ಹಾಗೆ ಅವಸರದಿಂದ ನೋಡಿದರೆ, ಇಷ್ಟು ವರ್ಷ ಮನಸ್ಸಿನಲ್ಲಿ ಉಳಿದಿದ್ದ ಚಿತ್ರದ ಮೇಲೆ ಹೊಸದಾಗಿ ಕಂಡ ಚಿತ್ರ ಬಂದು ಕೂರುತ್ತದೆ. ಆಮೇಲೆ ಹಳೆಯ ನೆನಪು ಯಾವುದು, ನಿನ್ನೆ ನೋಡಿದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಆದ್ದರಿಂದ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಅನ್ನು ಮತ್ತೆ ನೋಡಬೇಕೆನ್ನುವವರು ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು, ನೆನಪಿರುವುದನ್ನೆಲ್ಲ ನೋಡುವ ಮುನ್ನವೇ ಬರೆದಿಡಬೇಕು.

ಬರೆಯುವಾಗ ಕಥೆಗಿಂತ ಸುತ್ತಲಿನ ಸಂಗತಿಗಳಿಗೆ ಹೆಚ್ಚು ಗಮನ ಕೊಡಿ. ಟಿ.ವಿ. ಇದ್ದದ್ದು ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ, ಯಾರು ಎಲ್ಲಿ ಕೂರುತ್ತಿದ್ದರು, ಕಂತಿನ ನಡುವೆ ಕರೆಂಟು ಹೋದರೆ ಉಳಿದ ಕಥೆಯನ್ನು ಯಾರು ಊಹಿಸಿ ಹೇಳುತ್ತಿದ್ದರು ಎಂಬುದನ್ನು ಯಾವ ಜಾಲತಾಣವೂ ನಿಮಗೆ ಹಿಂದಿರುಗಿಸಲಾರದು. ಈ ಸರಣಿ ತಯಾರಾದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹಿಂದಿ ಬಾರದ ಅಜ್ಜಿಗೆ ಅರ್ಥ ಹೇಳುತ್ತಿದ್ದವರು ಯಾರು, ಅಥವಾ ಅಜ್ಜಿ ಮುಖಭಾವವನ್ನಷ್ಟೇ ನೋಡಿ ತಮ್ಮದೇ ಕಥೆ ಕಟ್ಟಿಕೊಳ್ಳುತ್ತಿದ್ದರೇ ಎಂಬುದನ್ನು ತಪ್ಪದೆ ಬರೆಯಿರಿ. ಅದೇ ಪ್ರಶ್ನೆಗಳನ್ನು ಮನೆಯ ಹಿರಿಯರಿಗೂ ಅಣ್ಣತಮ್ಮಂದಿರಿಗೂ ಬೇರೆಬೇರೆಯಾಗಿ ಕೇಳಿ. ಉತ್ತರಗಳು ಹೊಂದದಿದ್ದರೆ ಯಾರದು ಸರಿ ಎಂದು ತೀರ್ಮಾನಿಸದೆ ಎರಡನ್ನೂ ದಾಖಲಿಸಿ. ಧಾರಾವಾಹಿ ಎಲ್ಲಿಯಾದರೂ ಉಳಿದೀತು, ಹಿರಿಯರ ಈ ಮಾತುಗಳು ಉಳಿಯುವುದಿಲ್ಲವಾದ್ದರಿಂದ, ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದೇ ಎಂದು ನಾನು ನಂಬುತ್ತೇನೆ.

ಅನಂತರ ಒಳ್ಳೆಯ ಪ್ರತಿಯನ್ನು ಆರಿಸಿಕೊಳ್ಳಬೇಕು. ಆರಂಭದ ಶೀರ್ಷಿಕೆ ಭಾಗ ಪೂರ್ತಿಯಾಗಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿ. ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳೂ ಎಲ್. ವೈದ್ಯನಾಥನ್ ಅವರ ಸಂಗೀತವೂ ಇಲ್ಲದ ಪ್ರತಿಯನ್ನು ನೋಡುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಆಟ ಬಿಟ್ಟು ಮಕ್ಕಳು ಓಡಿ ಬರುತ್ತಿದ್ದುದು ಆ ಆಲಾಪ ಕಿವಿಗೆ ಬಿದ್ದಾಗಲೇ. ಮುಖಗಳು ಅಡ್ಡಕ್ಕೆ ಎಳೆದಂತೆ ಕಂಡರೆ, ಟಿ.ವಿ.ಯ ಚಿತ್ರದ ಅಳತೆಯನ್ನು 4:3ಕ್ಕೆ ಬದಲಿಸಿ. ಅಂದಿನ ಪರದೆಯ ಆಕಾರ ಅದು. ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಬರಲಿ. ನೀವು ಹಿಂದಿಯಲ್ಲಿ ನೋಡಿದ್ದರೆ ಹಿಂದಿಯಲ್ಲೇ ನೋಡಿ, ಆ ದನಿಗಳೂ ನೆನಪಿನ ಭಾಗವೇ. 2020ರಲ್ಲಿ ಕನ್ನಡ ದನಿಯೊಂದಿಗೆ ಇದು ಜೀ ಕನ್ನಡ ವಾಹಿನಿಯಲ್ಲಿ ಪ್ರಸಾರವಾಗಿತ್ತು. ಮಕ್ಕಳಿಗೆ ತೋರಿಸುವುದಾದರೆ ಅದನ್ನು ಹುಡುಕಬಹುದು.

ವಾರಕ್ಕೆ ಒಂದೇ ಕಂತು, ಅದೂ ನಿಗದಿಯಾದ ದಿನ. ಒಂದೇ ರಾತ್ರಿ ಹತ್ತು ಕಂತು ನೋಡಿದವರಿಗೆ ಕಾಯುವ ಸುಖ ದಕ್ಕುವುದಿಲ್ಲ.

ಇಡೀ ಸರಣಿಯೇ ಸ್ವಾಮಿ ಎಂಬ ಶಾಲಾ ಹುಡುಗನ ಕಥೆ ಎಂದು ನೀವು ಬರೆದಿಟ್ಟಿರಬಹುದು. ಆದರೆ ಮಾಸ್ಟರ್ ಮಂಜುನಾಥ್ ಅಭಿನಯಿಸಿದ ಆ ಕಂತುಗಳು ಆರ್.ಕೆ. ನಾರಾಯಣರ 1935ರ ಕಾದಂಬರಿಯನ್ನು ಆಧರಿಸಿದ ಒಂದು ಭಾಗ ಮಾತ್ರ. ಅವುಗಳಿಂದ ಆರಂಭಿಸಿ, ಬಳಿಕ ಅನಂತ್ ನಾಗ್ ಅಭಿನಯದ ಮಿಠಾಯಿ ಮಾರುವವನ ಕಥೆಗೂ ವಿಷ್ಣುವರ್ಧನ್ ಅಭಿನಯದ ‘ತಿಂಗಳಿಗೆ ನಲವತ್ತೈದು ರೂಪಾಯಿ’ ಕಥೆಗೂ ಬನ್ನಿ. ಈ ಕೊನೆಯದನ್ನು ಬಿಡಲೇಬಾರದು. ಮಗಳಿಗೆ ಸಿನಿಮಾ ತೋರಿಸುವೆನೆಂದು ಮಾತು ಕೊಟ್ಟು ಕಚೇರಿಯಿಂದ ಹೊರಡಲಾಗದ ಗುಮಾಸ್ತ ವೆಂಕಟ್ ರಾವ್‌ನನ್ನು ಚಿಕ್ಕವರಿದ್ದಾಗ ನಾವು ಅಲಂಕರಿಸಿಕೊಂಡು ಕಾಯುವ ಮಗಳ ಕಣ್ಣಿನಿಂದ ನೋಡಿ ಸಿಟ್ಟಾಗಿದ್ದೆವು. ಇಂದು ಸಂಬಳ, ರಜೆ, ಮೇಲಧಿಕಾರಿಯ ಮರ್ಜಿಗಳ ನಡುವೆ ಬದುಕುತ್ತಿರುವ ನಮಗೆ ಅವನ ಅಸಹಾಯಕತೆ ನೇರವಾಗಿ ತಟ್ಟುತ್ತದೆ. ಗಿರೀಶ್ ಕಾರ್ನಾಡರು ನಿರ್ವಹಿಸಿದ ಸ್ವಾಮಿಯ ತಂದೆಯ ಪಾತ್ರವೂ ಹಾಗೆಯೇ: ಆಗ ಕೇವಲ ಕಠಿಣವಾಗಿ ಕಂಡದ್ದರಲ್ಲಿ ಈಗ ಕಾಳಜಿ ಕಾಣುತ್ತದೆ. ಪ್ರತಿ ಕಂತಿನ ನಂತರ ಇಂತಹ ಬದಲಾವಣೆಗಳನ್ನು ನೋಟ್‌ಬುಕ್ಕಿನ ಎದುರು ಪುಟದಲ್ಲಿ ಬರೆಯಿರಿ, ಹಳೆಯ ಬರಹವನ್ನು ಮಾತ್ರ ತಿದ್ದಬೇಡಿ.

ಮಕ್ಕಳು ಜೊತೆಗಿದ್ದರೆ ‘ನಮ್ಮ ಕಾಲದಲ್ಲಿ’ ಎಂಬ ಮಾತನ್ನು ಆದಷ್ಟು ಕಡಿಮೆ ಮಾಡಿ. ಸ್ವಾಮಿ ಶಾಲೆಯ ಗಾಜು ಒಡೆಯುವುದೇಕೆ ಎಂದು ಅವರು ಕೇಳಿದಾಗ, ಅದು ಬ್ರಿಟಿಷರ ಆಳ್ವಿಕೆಯ ಕಾಲ ಎಂದು ತಿಳಿಸಿದರೆ ಸಾಕು. ಉಳಿದದ್ದನ್ನು ಹುಡುಗನ ಮುಖವೇ ಹೇಳುತ್ತದೆ.

ಚಿತ್ರೀಕರಣದ ಊರನ್ನು ನೋಡುವ ಆಸೆಯಾದರೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೆ ಹೋಗಿ. ಅಲ್ಲಿನ ಮಳೆಯ ಅರಿವಿಲ್ಲದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳನ್ನು ಬಿಟ್ಟು, ಮಳೆಗಾಲ ಮುಗಿದ ಮೇಲೆ ಹೊರಡುವುದು ಒಳಿತು. ಸ್ವಾಮಿಯ ಮನೆಯಾಗಿ ತೆರೆಯ ಮೇಲೆ ಕಾಣುವ ದೊಡ್ಡಮನೆ ಇಂದಿಗೂ ಜನರು ವಾಸಿಸುವ ಮನೆ. ಆದ್ದರಿಂದ ಬಾಗಿಲಲ್ಲಿ ನಿಂತು ಅನುಮತಿ ಕೇಳಿ, ಮನೆಯವರು ಒಪ್ಪಿದಷ್ಟು ಮಾತ್ರ ನೋಡಿ, ಒಳಗೆ ಫೋಟೊ ತೆಗೆಯುವ ಮುನ್ನ ಮತ್ತೊಮ್ಮೆ ಕೇಳಿ. ರೈಲ್ವೆ ನಿಲ್ದಾಣದ ದೃಶ್ಯಗಳು ನಿಮ್ಮ ಮನಸ್ಸಿನಲ್ಲಿದ್ದರೆ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳಿಗೂ ಹೋಗಬೇಕು. ಅಲ್ಲಿನ ಹಳೆಯ ನಿಲ್ದಾಣದ ಕಟ್ಟಡವನ್ನು ದುರಸ್ತಿಗೊಳಿಸಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಗಿದೆ. ಎರಡು ಊರುಗಳೂ ಬೇರೆಬೇರೆ ದಿಕ್ಕಿನಲ್ಲಿರುವುದರಿಂದ ಪ್ರತಿಯೊಂದಕ್ಕೂ ಒಂದು ದಿನವನ್ನು ಮೀಸಲಿಡಿ.