ಕಡಲ ತಡಿಯ ಹಳೇ ಬಂಗಲೆ ಲೈಬ್ರರಿ ಆದದ್ದು: ನನ್ನ ಅನುಭವ

ಕುಂದಾಪುರದ ಹತ್ರ ಸಮುದ್ರಕ್ಕೆ ಮುಖ ಮಾಡಿರೋ ಒಂದು ಹಳೇ ಬಂಗಲೆ, ದಪ್ಪ ಮುರಕಲ್ಲಿನ ಗೋಡೆ, ಮಂಗ್ಳೂರು ಹೆಂಚು, ಮೇಲೆ ಮರದ ಅಟ್ಟ. ಮನೆಯವ್ರು ಊರಿನ ಲೈಬ್ರರಿಗೆ ಬಿಟ್ಟುಕೊಡ್ತೀವಿ ಅಂದಾಗ ರಿಪೇರಿ ಜವಾಬ್ದಾರಿ ನಾನು ತಗೊಂಡೆ. ಎಲ್ರೂ ಕೇಳಿದ್ದು ಒಂದೇ, ಈ ಉಪ್ಪುಗಾಳೀಲಿ ಪುಸ್ತಕ ಉಳಿಯತ್ತಾ?

ನಾನು ಪೋರ್ಚುಗಲ್‌ನ ಕಶ್ಕಾಯಿಶ್ ಊರಿನ ಕಥೆ ಹೇಳ್ದೆ. ಅಲ್ಲಿ ಕಾಶ್ತ್ರು ಗಿಮರಾಯಿಶ್ ಅನ್ನೋ ಕೌಂಟ್ (ಜಮೀನ್ದಾರರಂಥ ಒಂದು ಬಿರುದು) ಕಡಲಂಚಿನ ತನ್ನ ಅರಮನೆಯಂಥ ಮನೇನ ಊರಿಗೆ ಬರೆದಿಟ್ಟು 1927ರಲ್ಲಿ ತೀರ್ಕೊಂಡ, 1931ರಲ್ಲಿ ಅದು ಮ್ಯೂಸಿಯಂ ಮತ್ತು ಲೈಬ್ರರಿ ಆಗಿ ತೆರೀತು, ಕಡಲಿನ ಭರತ ಬಂದ್ರೆ ನೀರು ಗೋಡೆ ಬುಡಕ್ಕೇ ಬರತ್ತೆ. ಮಹಾಕವಿ ಫೆರ್ನಾಂಡೊ ಪೆಸೊವಾ 1932ರಲ್ಲಿ ಅಲ್ಲಿ ಲೈಬ್ರರಿಯನ್ ಕೆಲಸಕ್ಕೆ ಅರ್ಜಿ ಹಾಕಿದ್ರು, ಸಿಗ್ಲಿಲ್ಲ ಅನ್ನೋದು ನಂಗೆ ಇವತ್ತಿಗೂ ಬೇಜಾರಿನ ವಿಷಯ.

ನಮ್ಮಲ್ಲಿ ಮೊದಲ ಶತ್ರು ಸಿಮೆಂಟು. ಯಾರೋ ಮಧ್ಯದಲ್ಲಿ ಒಳಗೋಡೆಗೆಲ್ಲ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ರು, ಹಾಗಾಗಿ ಗೋಡೆ ಕುಡಿದ ನೀರಿಗೆ ಹೊರಗೆ ಹೋಗೋ ದಾರಿ ಇಲ್ಲ. ಗಾಳಿಯ ತೇವಾಂಶ ಸುಮಾರು 75% ದಾಟಿದ್ರೆ ಗೋಡೆಯೊಳಗಿನ ಉಪ್ಪು ಗಾಳಿಯಿಂದ ನೀರು ಎಳ್ಕೊಂಡು ಕರಗತ್ತೆ, ಒಣಗಿದಾಗ ಮತ್ತೆ ಹರಳಾಗತ್ತೆ, ಆ ಹರಳು ಕಲ್ಲಿನ ಸಣ್ಣ ತೂತುಗಳೊಳಗೆ ಬೆಳೀತಾ ಕಲ್ಲನ್ನೇ ಪುಡಿ ಮಾಡತ್ತೆ. ಸಿಮೆಂಟೆಲ್ಲ ಕೆತ್ತಿಸಿ, ಒದ್ದೆ ಕಾಗದದ ಮುದ್ದೆ ಮೆತ್ತಿ ಒಣಗಿಸಿ ಕಿತ್ತು, ಹೀಗೆ ಮತ್ತೆ ಮತ್ತೆ ಮಾಡಿ ಉಪ್ಪು ಆದಷ್ಟು ಎಳೆದು ತೆಗೆದ್ವಿ. ಆಮೇಲೆ ಚಿಪ್ಪಿನ ಸುಣ್ಣದ ಗಾರೆ, ಮೇಲೆ ಬರೀ ಸುಣ್ಣ. ಪ್ಲಾಸ್ಟಿಕ್ ಪೇಂಟ್ ಬೇಡವೇ ಬೇಡ ಅಂತ ನಾನು ಹಟ ಹಿಡಿದೆ, ಅದೂ ಸಿಮೆಂಟಿನ ಹಾಗೇ ಗೋಡೆಯ ನೀರನ್ನ ಒಳಗೇ ತಡೀತದೆ, ಅಲ್ಲಿ ರಾಜಿ ಮಾಡ್ಕೊಂಡ್ರೆ ಉಳಿದ ಕೆಲಸ ಎಲ್ಲಾ ದಂಡ.

ಎರಡನೇದು ಭಾರ. ಒಂದು ಮೀಟರ್ ಸಾಲು ಪುಸ್ತಕ 25-30 ಕೆಜಿ ಬರತ್ತೆ, ಆರು ಹಂತದ ಕಪಾಟಂದ್ರೆ 150 ಕೆಜಿ ಮೇಲೆ. ಅಟ್ಟದ ತೊಲೆಗಳನ್ನ ಇದಕ್ಕಂತ ಹಾಕಿದ್ದಲ್ಲ. ಹಂಗಾಗಿ ಪುಸ್ತಕ ಕೆಳಗೆ, ಓದೋ ಮೇಜು ಅಟ್ಟದಲ್ಲಿ.

ಕಪಾಟು ಕಬ್ಬಿಣದ್ದಲ್ಲ, ಮರದ್ದು, ಸ್ಕ್ರೂ ಹಿತ್ತಾಳೆದು. ಗೋಡೆಯಿಂದ 10 ಸೆಂಟಿಮೀಟರ್, ನೆಲದಿಂದ 15 ಸೆಂಟಿಮೀಟರ್ ಬಿಟ್ಟಿದೀವಿ, ಗಾಳಿ ಆಡತ್ತೆ, ಒರಲೆ ಹತ್ತಿದ್ರೂ ಕಣ್ಣಿಗೆ ಬೀಳತ್ತೆ.

ಏಸಿ ಕೊಡಿಸ್ತೀವಿ ಅಂತ ದಾನಿಗಳು ಬಂದಿದ್ರು, ಒಪ್ಪಲಿಲ್ಲ. ಹಗಲು ತಣ್ಣಗೆ ಮಾಡಿ ಸಂಜೆ ಆಫ್ ಮಾಡಿದ್ರೆ, ನುಗ್ಗೋ ಬಿಸಿ ಒದ್ದೆ ಗಾಳಿ ತಣ್ಣಗಿರೋ ಪುಸ್ತಕದ ಮೇಲೇ ನೀರಾಗಿ ಕೂರತ್ತೆ. ಅದೇ ದುಡ್ಡಲ್ಲಿ ಒಳಗಿನ ಒಂದು ಸಣ್ಣ ಕೋಣೆಗೆ ಡಿಹ್ಯುಮಿಡಿಫೈಯರ್, ಅಂದ್ರೆ ಗಾಳಿಯ ತೇವ ಹೀರೋ ಯಂತ್ರ, ತಂದ್ವಿ. ಹಳೇ ಪತ್ರಿಕೆ, ಹಳೇ ಯಕ್ಷಗಾನ ಪ್ರಸಂಗಗಳು ಅಲ್ಲಿ. ತೇವಾಂಶ 65% ಒಳಗಿದ್ರೆ ಬೂಷ್ಟು ಹತ್ತೋದು ಕಷ್ಟ.

ಮಕ್ಕಳ ಪುಸ್ತಕ ಮಾತ್ರ ಕಡಲ ಕಡೆಯ ಜಗಲೀಲಿ. ಅವು ಕೈಯಿಂದ ಕೈಗೆ ಓಡಾಡ್ತಾನೇ ಇರತ್ವೆ, ಬೂಷ್ಟು ಹಿಡಿಯೋವಷ್ಟು ದಿನ ಒಂದು ಕಡೆ ಕೂರೋದೇ ಇಲ್ಲ.