ರೀಸೈಕಲ್ಡ್ ಬಟ್ಟೆ ತರಿಸುವಾಗ ಟಿಸಿ ಕೇಳಿ

ಜೆರ್ಸಿ, ಟ್ರ್ಯಾಕ್‌ಪ್ಯಾಂಟ್ ಹೊಲಿಸುವ ಸಣ್ಣ ಬ್ರ್ಯಾಂಡಿನವರಿಗೆ ಒಂದು ಮಾತು: ತಿರುಪ್ಪೂರಿನಿಂದಲೋ ಸೂರತ್‌ನಿಂದಲೋ ರೀಸೈಕಲ್ಡ್ ಪಾಲಿಯೆಸ್ಟರ್ ತರಿಸುವಾಗ ಸ್ಕೋಪ್ ಸರ್ಟಿಫಿಕೇಟ್ ನೋಡಿ ಸುಮ್ಮನಾಗಬೇಡಿ, ಟ್ರಾನ್ಸಾಕ್ಷನ್ ಸರ್ಟಿಫಿಕೇಟ್, ಅಂದರೆ ಟಿಸಿ ಕೇಳಿ (ಶಾಲೆ ಬಿಡುವಾಗ ಕೊಡೋ ಟಿಸಿ ಅಲ್ಲ!). ಮೊದಲನೆಯದು ಆ ಮಿಲ್ಲಿಗೆ ಜಿಆರ್‌ಎಸ್ (ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್, ರೀಸೈಕಲ್ಡ್ ಮಾಲಿನ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇದೆ ಅಂತಷ್ಟೇ ಹೇಳುತ್ತದೆ. ಅದೇ ಮಿಲ್ಲಿನಲ್ಲಿ ಮಾಮೂಲಿ ಪಾಲಿಯೆಸ್ಟರೂ ಓಡುತ್ತಿರಬಹುದು. ನಿಮಗೆ ಕಳಿಸಿದ ಮಾಲು ಯಾವುದು, ತೂಕ ಎಷ್ಟು, ಅದರಲ್ಲಿ ರೀಸೈಕಲ್ಡ್ ನಾರು ಶೇಕಡಾ ಎಷ್ಟು ಅನ್ನೋದು ಇರುವುದು ಟಿಸಿಯಲ್ಲಿ. ಶೇ 50ಕ್ಕಿಂತ ಕಡಿಮೆ ಇದ್ದರೆ ಉಡುಪಿನ ಮೇಲೆ ಜಿಆರ್‌ಎಸ್ ಲೋಗೋ ಹಾಕುವಂತಿಲ್ಲ. ಹೆಚ್ಚಿದ್ದರೂ ಅನುಮತಿ ಪಡೆದೇ ಹಾಕಬೇಕು. ಟಿಸಿ ಬೇಕು ಅಂತ ಆರ್ಡರ್ ಕೊಡುವಾಗಲೇ ಪಿಒದಲ್ಲಿ (ಪರ್ಚೇಸ್ ಆರ್ಡರ್, ಅಂದರೆ ಖರೀದಿ ಪತ್ರದಲ್ಲಿ) ಬರೆದುಬಿಡಿ. ಮಾಲು ಬಂದ ಮೇಲೆ ಕೇಳಿದರೆ "ನೂಲಿಗೇ ಟಿಸಿ ತಗೊಂಡಿಲ್ಲ ಸಾರ್" ಅಂತಾರೆ, ನೂಲಿನ ಟಿಸಿ ಇಲ್ಲದೆ ಬಟ್ಟೆಗೂ ಟಿಸಿ ಸಿಗೋದಿಲ್ಲ, ಅಲ್ಲಿಗೆ ಮುಗಿಯಿತು. ಸ್ಟಾಕ್ ಲಾಟ್ ಅಂಗಡಿಯಿಂದ (ಮಿಲ್ಲುಗಳಲ್ಲಿ ಉಳಿದ ಮಾಲು ಮಾರುವಲ್ಲಿಂದ) 20–30 ಕೆಜಿ ತರುವವರಿಗೆ ಈ ಉಪಾಯ ನಡೆಯೋದಿಲ್ಲ. ನಡುವಿನ ವ್ಯಾಪಾರಿಗೆ ಮಾನ್ಯತೆ ಇಲ್ಲದಿದ್ದರೆ ಟಿಸಿಗಳ ಸರಪಳಿ ಅಲ್ಲೇ ತುಂಡಾಗುತ್ತದೆ. ಆಗ ಟ್ಯಾಗಿನ ಮೇಲೆ "ರೀಸೈಕಲ್ಡ್" ಅನ್ನಬೇಡಿ, "ಮಿಲ್ಲಿನಲ್ಲಿ ಉಳಿದ ಬಟ್ಟೆಯಿಂದ ಹೊಲಿದದ್ದು" ಅಂತ ಹಾಕಿ. ನನ್ನ ಕೇಳಿದರೆ, ಅದೇನೂ ಕಡಿಮೆಯ ಮಾತಲ್ಲ.